ಕಾರಿಡಾರ್‌ನಲ್ಲಿ ಸಾಲಾಗಿ ಕಟ್ಟಿದರೆ ಆಗಲ್ಲ

ಹಾಸ್ಟೆಲ್ ಕಾರಿಡಾರ್‌ನಲ್ಲಿ ಹತ್ತು ಮೀಟರಿಗೊಂದು ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಹರಡುವ ಪೆಟ್ಟಿಗೆ) ಹಾಕಿದರೆ ಸಾಕು ಎಂದು ಲೇಖನದಲ್ಲಿ ಬರೆದಿದ್ದೀರಿ. ಒಪ್ಪೋದು ಕಷ್ಟ. ಕಾರಿಡಾರ್‌ನಲ್ಲಿ ಅಡ್ಡಗೋಡೆಯೇ ಇರಲ್ಲ. ಒಂದು ಪೆಟ್ಟಿಗೆಯ ಸಿಗ್ನಲ್ ಇನ್ನೊಂದಕ್ಕೆ ಜೋರಾಗಿ ಕೇಳಿ, ಒಂದೇ ರೇಡಿಯೋ ಚಾನೆಲ್‌ನಲ್ಲಿದ್ದರೆ ಎಲ್ಲವೂ ಸರದಿ ಕಾಯುತ್ತವೆ. ಕೋಣೆಯೊಳಗೆ ಮೂಲೆ ಮಂಚದ ಮೇಲಿರುವ ಮೊಬೈಲಿಗೆ ಮಾತ್ರ ಸಿಗ್ನಲ್ ಬಡಕಲು. ಎರಡು ಮೂರು ಕೋಣೆಗೊಂದರಂತೆ, ಗೋಡೆಗೆ ಕೂರಿಸುವ ಮಾದರಿಯನ್ನು ಒಳಗೇ ಹಾಕಿ ಸಿಗ್ನಲ್ ಪವರ್ ತಗ್ಗಿಸಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಬಿಟ್ಟು ಬೇರೆ ಚಾನೆಲ್ ಬೇಡ. 5 ಗಿಗಾಹರ್ಟ್ಸ್‌ನಲ್ಲಿ 80 ಮೆಗಾಹರ್ಟ್ಸ್ ಅಗಲದ ಚಾನೆಲ್ ಆಸೆ ಬಿಡಿ, ಇಷ್ಟು ಒತ್ತೊತ್ತಾಗಿ ಇರುವಲ್ಲಿ 20 ಸಾಕು.

ಟೆಂಡರ್‌ನಲ್ಲಿ ಬರೀ "24 ಪೋರ್ಟ್ ಪಿಒಇ ಸ್ವಿಚ್" (ನೆಟ್ ಕೇಬಲ್ಲಿನಲ್ಲೇ ಪೆಟ್ಟಿಗೆಗೆ ವಿದ್ಯುತ್ತೂ ಕೊಡುವ ಸಾಧನ) ಅಂತ ಬರೆಯೋದು ಮಾಮೂಲಿ ಎಡವಟ್ಟು. ಒಟ್ಟು 370 ವಾಟ್ ಕೊಡುವ ಸ್ವಿಚ್, ಪೋರ್ಟಿಗೆ 30 ವಾಟ್‌ನಂತೆ ಹನ್ನೆರಡಕ್ಕೇ ಮುಗೀತು. ಪೋರ್ಟಿಗೆ 15.4 ವಾಟ್‌ನ ಹಳೇ ಸ್ವಿಚ್‌ಗೆ ವೈಫೈ 6 ಪೀಳಿಗೆಯ ಪೆಟ್ಟಿಗೆ ಚುಚ್ಚಿದರೆ ದೀಪವೇನೋ ಉರಿಯುತ್ತೆ, ಆದರೆ ಎಷ್ಟೋ ಮಾದರಿಗಳು ಸದ್ದಿಲ್ಲದೆ ರೇಡಿಯೋ ಸಾಮರ್ಥ್ಯ ಇಳಿಸಿಕೊಳ್ಳುತ್ತವೆ.

"ವೈಫೈ ಸಿಗ್ತಿದೆ, ನೆಟ್ ಬರ್ತಿಲ್ಲ" ಅನ್ನೋ ದೂರಿಗೆ ಮೊದಲು ಡಿಎಚ್‌ಸಿಪಿ (ಪ್ರತಿ ಸಾಧನಕ್ಕೂ ಐಪಿ ವಿಳಾಸ ಹಂಚುವ ವ್ಯವಸ್ಥೆ) ನೋಡಿ. ಈಗಿನ ಮೊಬೈಲುಗಳು ಮ್ಯಾಕ್ ವಿಳಾಸ (ಸಾಧನದ ಗುರುತು ಸಂಖ್ಯೆ) ಬದಲಿಸುತ್ತವೆ, ಆಗ ಅದೇ ಮೊಬೈಲಿಗೆ ಇನ್ನೊಂದು ಐಪಿ ವಿಳಾಸ ಹೋಗುತ್ತೆ. 254 ವಿಳಾಸ, 8 ದಿನದ ಲೀಸ್ (ಕೊಟ್ಟ ವಿಳಾಸ ಕಾದಿಡುವ ಅವಧಿ) ಇಟ್ಟರೆ 400 ಹುಡುಗರ ಹಾಸ್ಟೆಲ್‌ನಲ್ಲಿ ಅವು ಸಂಜೆಯೊಳಗೆ ಖಾಲಿ. ವಿಳಾಸಗಳ ವ್ಯಾಪ್ತಿ ಹಿಗ್ಗಿಸಿ /22 ಕೊಟ್ಟರೆ 1022 ವಿಳಾಸ ಸಿಗುತ್ತೆ. ಲೀಸ್ ನಾಲ್ಕು ಗಂಟೆಗೆ ಇಳಿಸಿ.

ಇನ್ನು ವಿಭಾಗಕ್ಕೊಂದು ವೈಫೈ ಹೆಸರು ಬೇಡವೇ ಬೇಡ. ಪ್ರತಿ ಹೆಸರೂ ಸೆಕೆಂಡಿಗೆ ಸುಮಾರು ಹತ್ತು ಸಲ ಬೀಕನ್ ("ನಾನಿದ್ದೇನೆ" ಅನ್ನೋ ಸಂಕೇತ) ಕೂಗುತ್ತೆ, ಅದೂ ಕನಿಷ್ಠ ವೇಗದಲ್ಲಿ. 1, 2, 5.5, 11 ಎಂಬಿಪಿಎಸ್ ವೇಗಗಳನ್ನು ನಿಲ್ಲಿಸಿ ಕನಿಷ್ಠ 12 ಮಾಡಿ. ಎಜುರೋಮ್ (ಬೇರೆ ಕಾಲೇಜಿನವರೂ ತಮ್ಮ ಲಾಗಿನ್ನಿಂದಲೇ ಬಳಸುವ ವೈಫೈ) ಸೇರಿ ಮೂರು ಹೆಸರು ಧಾರಾಳ.