ನೋ ಆಯ್ ಸೆನ್ಸಿಯೊ, ಅಂದ್ರೆ ಚಿಲ್ಲರೆ ಇಲ್ಲ

ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಏನೋ ಗೀಚಿ "ಇಳಿಯುವಾಗ ತಗೊಳ್ಳಿ" ಅಂತಾರಲ್ಲ, ಆ ಕರ್ಮ ನಮ್ಮೂರಲ್ಲೇ ಮುಗೀತು ಅಂದುಕೊಂಡಿದ್ದೆ. ಇಲ್ಲ ಸ್ವಾಮಿ. ಅದು ನನ್ನ ಹಿಂದೆಯೇ ಕೊಲಂಬಿಯಾದ ಸಾಂತಾ ಮಾರ್ತಾ ತನಕ ಬಂತು.

ನಾವಿರುವುದು ಅಮೆರಿಕದಲ್ಲಿ. ಅಮೆರಿಕದ ವೀಸಾ ಇದ್ದರೆ ಭಾರತದವರಿಗೆ ಕೊಲಂಬಿಯಾದ ವೀಸಾ ಬೇಕಿಲ್ಲ. ವಿಮಾನದ ಟಿಕೆಟ್ಟೂ ಅಗ್ಗಕ್ಕೆ ಸಿಕ್ಕಿತು. ಕೆರಿಬಿಯನ್ ಸಮುದ್ರ, ಬಂದರು, ಪಕ್ಕದಲ್ಲೇ ಕಾಡು. "ಕಡಿಮೆ ಖರ್ಚಲ್ಲಿ ಆಗುತ್ತೆ ಕಣೇ" ಅಂದರು ನಮ್ಮ ಯಜಮಾನರು. ಜನವರಿ ಮೊದಲ ವಾರ ಹೊರಟೆವು.

ಎಟಿಎಂನಲ್ಲಿ ದುಡ್ಡು ತೆಗೆದದ್ದೇ ತಪ್ಪು. ನಮ್ಮ ಕಾರ್ಡಿಗೆ ಅಂತ ಒಂದಿಷ್ಟು ಶುಲ್ಕ ಕತ್ತರಿಸಿಕೊಂಡು, ಎಲ್ಲವನ್ನೂ 50,000 ಪೆಸೊ ನೋಟಲ್ಲೇ ಉಗುಳಿತು. ನೇರಳೆ ಬಣ್ಣದ ನೋಟು. ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿ ಆಸುಪಾಸು. ಹಿಂಬದಿಯಲ್ಲಿ ಸಿಯುದಾದ್ ಪೆರ್ದಿದಾ ಚಿತ್ರ, ಅಂದರೆ ಅಲ್ಲೇ ಬೆಟ್ಟಗಳ ಮೇಲಿರುವ 'ಕಳೆದುಹೋದ ಊರು'. ನೋಡೋಕೆ ಬಹಳ ಚೆಂದ. ಆದರೆ ಆ ನೋಟು ಹಿಡಿದುಕೊಂಡು ಬೀದಿಗಿಳಿದರೆ ಒಂದು ಲೋಟ ಜ್ಯೂಸ್ ಕೂಡ ಹುಟ್ಟಲ್ಲ. ತಲೆ ಎತ್ತಿ ನೋಡುತ್ತಾರೆ, ನೋಟು ನೋಡುತ್ತಾರೆ, "ನೋ ಆಯ್ ಸೆನ್ಸಿಯೊ" ಅನ್ನುತ್ತಾರೆ. ಚಿಲ್ಲರೆ ಇಲ್ಲ. ಅಷ್ಟೇ. ಪಕ್ಕದ ಅಂಗಡಿಗೆ ಹೋಗಿ ತಂದುಕೊಡ್ತೀನಿ ಅನ್ನೋ ಮಾತೇ ಇಲ್ಲ.

ಸಾಂತಾ ಮಾರ್ತಾ 1525ರಲ್ಲಿ ಸ್ಪೇನಿನವರು ಕಟ್ಟಿದ ಊರು. 500 ವರ್ಷದಿಂದ ವ್ಯಾಪಾರ ಮಾಡುತ್ತಿರುವ ಬಂದರು. ಗಲ್ಲಾಪೆಟ್ಟಿಗೆಯಲ್ಲಿ ನಾಲ್ಕು ಸಣ್ಣ ನೋಟು ಇಟ್ಟುಕೊಳ್ಳೋಕೆ ಇನ್ನೆಷ್ಟು ವರ್ಷ ಬೇಕು?

ತಾಯ್ರೋನಾ ರಾಷ್ಟ್ರೀಯ ಉದ್ಯಾನಕ್ಕೆ ಊರಿನ ಮಾರ್ಕೆಟ್ ಹತ್ತಿರದಿಂದ ಬಸ್ಸು ಸಿಗುತ್ತದೆ. ಎಲ್ ಸಾಯಿನೊ ಅನ್ನುವ ಗೇಟಿಗೆ ಸುಮಾರು ಒಂದು ಗಂಟೆ. ನಮಗೆ ಹೇಳಿದ್ದು ತಲಾ ಹತ್ತು ಸಾವಿರ ಪೆಸೊ. ಐವತ್ತರ ನೋಟು ಕೊಟ್ಟೆ. ಬಸ್ಸಿನ ಹುಡುಗ ಅದನ್ನು ಮಡಚಿ ಬೆರಳ ಸಂದಿಗೆ ಸಿಕ್ಕಿಸಿಕೊಂಡು "ಆಓರಿತಾ" ಅಂದ. ಈಗ ಕೊಡ್ತೀನಿ ಅಂತಂತೆ. ನಮ್ಮಲ್ಲಿ 'ಬಂದೆ ಬಂದೆ' ಅಂತಾರಲ್ಲ, ಅದೇ ಜಾತಿಯ 'ಈಗ'.

ಬಲಗಡೆ ಸಿಯೆರ್ರಾ ನೆವಾದಾ. ಸಮುದ್ರದ ಪಕ್ಕದಿಂದಲೇ ಎದ್ದು 5,700 ಮೀಟರ್ ತನಕ ಹೋಗುವ ಬೆಟ್ಟ, ತುದಿಯಲ್ಲಿ ಹಿಮ. ಜನ ಅದನ್ನು ನೋಡೋಕೆ ಅಂತಲೇ ಬರುತ್ತಾರೆ. ನಾನು ಒಂದು ಗಂಟೆ ನೋಡಿದ್ದು ಆ ಹುಡುಗನ ಬೆರಳ ಸಂದಿ. ಇಳಿಯುವಾಗ ಒಂದು ಇಪ್ಪತ್ತು, ಒಂದು ಐದು ಕೈಗಿಟ್ಟ. ಇನ್ನೈದು ಎಲ್ಲಿ ಅಂತ ಬೆರಳು ತೋರಿಸಿ ಕೇಳುವಷ್ಟರಲ್ಲಿ ಬಸ್ಸು ಹೊರಟಿತು. "ಬಿಡೇ ಮಾರಾಯ್ತಿ, ನೂರು ರೂಪಾಯಿಗೆ ಹೀಗಾ ಆಡೋದು? ಈ ಚಿಲ್ಲರೆ ಬುದ್ಧಿ ಯಾವಾಗ ಬಂತು ನಿನಗೆ?" ಅಂದರು ಇವರು. ನನಗೆ ಉರಿದುಹೋಯಿತು.

ಒಂದು ವಿಷಯ ಹೇಳಿಬಿಡುತ್ತೇನೆ. ಗೇಟಿನ ಬಗ್ಗೆ ನನ್ನ ತಕರಾರಿಲ್ಲ. ವಿದೇಶಿಯರಿಗೆ ಜಾಸ್ತಿ ದರ, ಸೀಸನ್ನಿಗೆ ಇನ್ನೂ ಜಾಸ್ತಿ, ಮೇಲೆ ವಿಮೆಯ ದುಡ್ಡು ಬೇರೆ. ಕೊಟ್ಟೆ, ಅದೂ ಕಾರ್ಡಿನಲ್ಲಿ. ಹಂಪಿಯಲ್ಲಿ 40 ರೂಪಾಯಿ ಕೊಟ್ಟು ನಾನು ಒಳಗೆ ಹೋಗುವಾಗ ಪಕ್ಕದವರು 600 ಕೊಡುತ್ತಿದ್ದರು. ಆಗ ನನಗೆ ಅಯ್ಯೋ ಪಾಪ ಅನಿಸಿತ್ತಾ? ಇಲ್ಲ ತಾನೇ? ವರ್ಷಕ್ಕೆ ಮೂರು ಸಲ, ಫೆಬ್ರವರಿ, ಜೂನ್, ಮತ್ತೆ ಅಕ್ಟೋಬರ್ ಕೊನೆಗೆ, ಹದಿನೈದು ಹದಿನೈದು ದಿನ ಪಾರ್ಕನ್ನೇ ಮುಚ್ಚುತ್ತಾರೆ. ಆ ಬೆಟ್ಟದ ಕೋಗಿ, ಅರುವಾಕೊ, ವಿವಾ, ಕಾಂಕುವಾಮೊ ಜನರಿಗೆ ಅದು ಪವಿತ್ರ ನೆಲ, ಅದಕ್ಕೂ ಉಸಿರಾಡೋಕೆ ಬಿಡುವು ಬೇಕು ಅಂತ. ಕೊಡಗಿನ ದೇವರಕಾಡು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಪ್ಲಾಸ್ಟಿಕ್ ಕವರ್ ಒಳಗೆ ಬಿಡಲ್ಲ, ಸರಿ. ನನ್ನ ಶೇಂಗಾ ಚಟ್ನಿಪುಡಿಯ ಕವರ್ ಬಿಚ್ಚಿಸಿದರು. ಕಾವಲಿನವರೊಬ್ಬರು ಮೂಗಿಗೆ ಹಿಡಿದು ಜೋರಾಗಿ ಸೀನಿದರು. ಪುಡಿ ಸ್ಟೀಲ್ ಡಬ್ಬಿಗೆ ಹೋಯಿತು, ಕವರ್ ಅವರ ಬುಟ್ಟಿಗೆ. ಜಗಳ ಇಲ್ಲ.

ಜಗಳ ಒಳಗೆ ಶುರುವಾಯಿತು.

ಇದ್ದ ಐದು ಸಾವಿರ ಕುಡಿಯುವ ನೀರಿಗೆ ಹೋಯಿತು. ಕನ್ಯಾವೆರಾಲ್ ತನಕ ನಡೆದೇ ಹೋದೆವು, ಅಲ್ಲಿಂದ ಮುಂದೆ ಕಾಡಿನ ದಾರಿ. ಬೆವರು ಕಣ್ಣಿಗಿಳಿಯುತ್ತಿತ್ತು. ದಾರಿಯಲ್ಲಿ ಒಬ್ಬ ಅಜ್ಜಿ ಚೀಸ್ ಹಾಕಿದ ಅರೆಪಾ ಸುಡುತ್ತಿದ್ದರು. ಮೆಕ್ಕೆಜೋಳದ ಹಿಟ್ಟಿನ ದಪ್ಪ ರೊಟ್ಟಿ ಅನ್ನಿ. ಮಾಂಸ ತಿನ್ನದ ನನಗೆ ಆ ದೇಶದಲ್ಲಿ ಅದೇ ಗತಿ. ಎರಡಕ್ಕೆ ಹದಿನಾಲ್ಕು ಸಾವಿರ, ನಾನು ಕೊಟ್ಟಿದ್ದು ಇಪ್ಪತ್ತು. ಅಜ್ಜಿ ಸೊಂಟದ ಚೀಲ ತಡಕಿದರು, ಇನ್ನೊಮ್ಮೆ ತಡಕಿದರು, ಕೊನೆಗೆ ಎರಡು ಕೊಕಾದಾ ಎತ್ತಿ ನನ್ನ ಕೈಗೆ ಹಾಕಿದರು. ಥೇಟ್ ನಮ್ಮ ಕೊಬ್ಬರಿ ಮಿಠಾಯಿ. ಊರಲ್ಲಿ ಚಿಲ್ಲರೆ ಬದಲು ಚಾಕೊಲೇಟ್ ಕೊಡುತ್ತಿದ್ದ ಶೆಟ್ಟರ ಅಂಗಡಿ ನೆನಪಾಯಿತು. ರುಚಿ ಚೆನ್ನಾಗಿತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು.

ಮುಂದೆ ಅರ್ರೆಸಿಫೆಸ್ ಕಡಲತೀರ. ಎಷ್ಟು ಚೆಂದವೋ ಅಷ್ಟೇ ಅಪಾಯ. ಸೆಳೆತ ಜೋರು, ಈಜು ನಿಷೇಧ. ಸುಮ್ನೆ ನೋಡಿ ಮುಂದೆ ಹೋಗಬೇಕು.

ರಾತ್ರಿಗೆ ಒಳಗಿನ ಒಂದು ಕ್ಯಾಂಪಿನಲ್ಲಿ ಎರಡು ಜೋಲಿ. ಕಾರ್ಡ್ ಮೆಷೀನಿಗೆ ಸಿಗ್ನಲ್ ಇಲ್ಲವಂತೆ. ಅಲ್ಲಿನವರು ನೆಕಿ ಅನ್ನುವ ಆ್ಯಪಿನಲ್ಲಿ ದುಡ್ಡು ಕಳಿಸಿಕೊಳ್ಳುತ್ತಾರೆ, ನಮ್ಮ ಫೋನ್‌ಪೇ ಥರ. ಅಲ್ಲಿನ ಗುರುತಿನ ಚೀಟಿ ಇಲ್ಲದ ಪ್ರವಾಸಿಗರಿಗೆ ಅದೂ ಇಲ್ಲ. ಎರಡಕ್ಕೆ ನೂರಾ ಮೂವತ್ತು ಸಾವಿರ. ಮೂರು ನೇರಳೆ ನೋಟು ಎಣಿಸಿಟ್ಟೆ. ಬರಬೇಕಾದ್ದು ಇಪ್ಪತ್ತು ಸಾವಿರ. ಕೌಂಟರಿನ ಹುಡುಗ ಒಂದು ಚೀಟಿ ಹರಿದು, ಪೆನ್ನಿನಲ್ಲಿ '20' ಅಂತ ಬರೆದು, ಸಹಿ ಕೂಡ ಹಾಕದೆ ಕೊಟ್ಟ. ನಾಳೆ ಬೆಳಿಗ್ಗೆ ತಗೊಳ್ಳಿ ಅಂದ. ಸಾವಿರ ಅನ್ನೋ ಪದವನ್ನು ಅವರು ಮಾತಲ್ಲಿ ನುಂಗುತ್ತಾರೆ, ಬರೆಯುವಾಗಲೂ ನುಂಗಬೇಕಾ?

ರಾತ್ರಿಯಿಡೀ ಸಮುದ್ರದ ಗಾಳಿ. ಜೋಲಿ ತೂಗುತ್ತಲೇ ಇತ್ತು. ಬೆನ್ನಿನ ಕೆಳಗಿಂದ ಚಳಿ ನುಗ್ಗುತ್ತಿತ್ತು. ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಿದೆ. ಬೆಳಿಗ್ಗೆ ಕೌಂಟರಿನಲ್ಲಿ ಬೇರೆ ಹುಡುಗ. ಚೀಟಿ ಹಿಂದೆ ಮುಂದೆ ತಿರುಗಿಸಿ ನೋಡಿದ. ನಂತರ ಬಹಳ ಮರ್ಯಾದೆಯಿಂದ, "ಸೆನ್ಯೋರಾ, ಇದು ನಿಮ್ಮ ಜೋಲಿಯ ನಂಬರ್" ಅಂದ.

ಜೋಲಿಯ ನಂಬರ್!

ನಮ್ಮ ಜೋಲಿಗಳಿಗೆ ನಂಬರೇ ಇರಲಿಲ್ಲ. ನನಗೆ ಬರುವ ಸ್ಪ್ಯಾನಿಷ್ ಹತ್ತು ಪದ, ಅಷ್ಟನ್ನೂ ಬಳಸಿದೆ. ಆಮೇಲೆ ಕನ್ನಡದಲ್ಲೇ ಬೈದೆ. ಅವನು ನಗುನಗುತ್ತಾ ತಲೆ ಆಡಿಸಿದ. ಯಜಮಾನರು ಆಗಲೇ ಬ್ಯಾಗು ಹೆಗಲಿಗೇರಿಸಿ ದಾರಿ ಹಿಡಿದಿದ್ದರು. ಆ ಚೀಟಿ ಇವತ್ತಿಗೂ ನನ್ನ ಪರ್ಸಿನಲ್ಲಿದೆ.

ಸಾಂತಾ ಮಾರ್ತಾಕ್ಕೆ ಮರಳಿದ ಮೇಲೆ ಹಟ ಬಂತು. ಸೂಪರ್ ಮಾರ್ಕೆಟ್ಟಿನವರ ಹತ್ತಿರ ಮಾತ್ರ ಚಿಲ್ಲರೆ ಇರುತ್ತದೆ. ಒಂದು ಸೋಪು ತಗೊಂಡೆ, ಐವತ್ತರ ನೋಟು ಕೊಟ್ಟೆ. ಹೊರಗೆ ಬಂದು ಮತ್ತೆ ಒಳಗೆ ಹೋದೆ, ಇನ್ನೊಂದು ಸೋಪು. ಮೂರು ಸೋಪು, ಮೂರು ಬಿಲ್ಲು. ಎರಡು ಸಾವಿರ, ಐದು ಸಾವಿರದ ನೋಟುಗಳನ್ನು ಕಾಲುಚೀಲದಲ್ಲಿ ತುರುಕಿಕೊಂಡೆ.

ಮರುದಿನ ಬೆಳಿಗ್ಗೆ ಮಾರ್ಕೆಟ್ ಹತ್ತಿರ ಬೆನ್ನಿಗೆ ದೊಡ್ಡ ಬ್ಯಾಗ್ ಹಾಕಿಕೊಂಡ ಹುಡುಗಿಯೊಬ್ಬಳು ಓಡಿ ಬಂದಳು. ತಾಯ್ರೋನಾ ಬಸ್ಸು ಹೊರಡುತ್ತಿತ್ತು. ಕೈಯಲ್ಲಿ ನೇರಳೆ ನೋಟು. ಇದಕ್ಕೆ ಚಿಲ್ಲರೆ ಸಿಗುತ್ತಾ, ಪ್ಲೀಸ್, ಅಂದಳು.

"ನೋ ಆಯ್" ಅಂದೆ.

ಇವರು ನನ್ನ ಕಾಲುಚೀಲದ ಕಡೆ ನೋಡಿದರು. ನೋಡಿದರೆ ನೋಡಲಿ.