ಮುರಿಯಬೇಕಾದ ಬೋಲ್ಟಿಗೆ ಯಾಕೆ ಅಲೆನ್ ಬೋಲ್ಟ್ ಹಾಕ್ತೀರಿ?

ಕೂಳೆ ಕಬ್ಬಿನ ತರಗು ಪುಡಿ ಮಾಡೋ ಕಾಲ ಬಂದ್ರೆ, ಭತ್ತದ ಕಟಾವು ಮುಗಿದು ಹುಲ್ಲು ಕಟ್ಟೋ ಮಿಷಿನ್ ಗದ್ದೆಗೆ ಇಳಿದ್ರೆ, ಮಂಡ್ಯ, ಮದ್ದೂರು, ಪಾಂಡವಪುರದ ವರ್ಕ್‌ಶಾಪುಗಳಿಗೆ ಒಂದೇ ಥರದ ರಿಪೇರಿ ಬರುತ್ತೆ. ಪಿಟಿಒ (ಟ್ರ್ಯಾಕ್ಟರಿನಿಂದ ಮಿಷಿನ್ನಿಗೆ ತಿರುಗೋ ಶಕ್ತಿ ಕೊಡೋ ಭಾಗ) ಶಾಫ್ಟಿನ ಕೀಲಲ್ಲಿರೋ ಕ್ರಾಸ್ ಹೋಗಿದೆ, ಇಲ್ಲಾ ಗೇರ್‌ಬಾಕ್ಸಿನ ಪಿನಿಯನ್ (ಸಣ್ಣ ಗೇರು) ಹಲ್ಲು ಉದುರಿದೆ. ಬಿಚ್ಚಿ ನೋಡಿದ್ರೆ ಶಿಯರ್ ಬೋಲ್ಟ್, ಅಂದ್ರೆ ಲೋಡು ಅತಿಯಾದಾಗ ತಾನು ಮುರಿದು ಮಿಷಿನ್ ಉಳಿಸೋ ಬೋಲ್ಟು, ಮಾತ್ರ ಒಂದು ಗೀರೂ ಇಲ್ಲದೆ ಫಳಫಳ ಅಂತ ಕೂತಿರುತ್ತೆ. ಮುರಿಯಬೇಕಾಗಿದ್ದದ್ದು ಅದೊಂದೇ!

"ಪದೇ ಪದೇ ಮುರೀತದೆ ಕಣಣ್ಣ, ಒಂದು ಗಟ್ಟಿ ಬೋಲ್ಟ್ ಕೊಡು" ಅಂತ ಕೇಳೋದು, ಅಂಗಡಿಯವನು ಕಪ್ಪು ಅಲೆನ್ ಬೋಲ್ಟ್ (ತಲೇಲಿ ಆರು ಮೂಲೆ ಗುಂಡಿ ಇರೋ ಗಟ್ಟಿ ಬೋಲ್ಟು) ತೆಗೆದು ಕೊಡೋದು. ಇಬ್ಬರೂ ಗ್ರೇಡ್ ಮಾತೇ ಎತ್ತಲ್ಲ. ಇನ್ನೊಂದು ಗೊಂದಲ ನಂಬರಿನದು. ಅಂಗಡೀಲಿ "13 ನಂಬರ್ ಬೋಲ್ಟ್" ಅಂದ್ರೆ ಅದು 13ರ ಸ್ಪ್ಯಾನರ್ ಹಿಡಿಯೋ ಬೋಲ್ಟು, ಅಂದ್ರೆ ಎಂ8, ದಪ್ಪ 8 ಮಿ.ಮೀ. 17ರದ್ದು ಎಂ10. ಈ ನಂಬರ್ ದಪ್ಪ ಹೇಳುತ್ತೆ, ಬಲ ಹೇಳಲ್ಲ.

ಬಲ ಇರೋದು ಬೋಲ್ಟಿನ ತಲೆ ಮೇಲೆ ಕೊರೆದಿರೋ ಅಂಕಿಯಲ್ಲಿ, ಅದೇ ಗ್ರೇಡ್: 4.6, 8.8, 10.9, 12.9. ಚುಕ್ಕಿಗಿಂತ ಮುಂಚೆ ಇರೋ ಸಂಖ್ಯೆಯನ್ನ ಹತ್ತರಿಂದ ಗುಣಿಸಿ. ಒಂದು ಚದರ ಮಿ.ಮೀ.ಗೆ ಹೆಚ್ಚುಕಡಿಮೆ ಅಷ್ಟು ಕೆ.ಜಿ. ಎಳೆತಕ್ಕೆ ಅದು ತುಂಡಾಗುತ್ತೆ. 4.6 ಅಂದ್ರೆ 40 ಕೆ.ಜಿ., 8.8 ಅಂದ್ರೆ 80. ಆದ್ರೆ ಶಿಯರ್ ಬೋಲ್ಟನ್ನ ಯಾರೂ ಎಳೆಯಲ್ಲ, ಅಡ್ಡಡ್ಡ ಕತ್ತರಿಸೋದು. ಅದಕ್ಕೆ ಬೇಕಾಗೋ ಬಲ ಎಳೆತದ ಸುಮಾರು ಶೇ. 60. ತಲೆ ಮೇಲೆ ಏನೂ ಬರೆದಿಲ್ಲ ಅಂದ್ರೆ ಅದರ ಬಲ ಎಷ್ಟು ಅಂತ ಹೇಳೋಕೆ ದಾರಿಯೇ ಇಲ್ಲ, ಆ ಜಾಗಕ್ಕೆ ಅದು ಬೇಡ.

ಲೆಕ್ಕ ಹಾಕಿಯೇ ನೋಡೋಣ. ಪಿಟಿಒದಲ್ಲಿ 40 ಎಚ್‌ಪಿ ಸಿಗೋ ಟ್ರ್ಯಾಕ್ಟರು 540 ಆರ್‌ಪಿಎಂನಲ್ಲಿ ಕೊಡೋ ತಿರುಚು ಬಲ ಸುಮಾರು 520 ನ್ಯೂಟನ್ ಮೀಟರ್. ಶಾಫ್ಟಿನ ನಡುವಿನಿಂದ ಬೋಲ್ಟು 40 ಮಿ.ಮೀ. ದೂರದಲ್ಲಿದೆ, ಒಂದೇ ಕಡೆ ಕತ್ತರಿಸುತ್ತೆ ಅಂತ ಇಟ್ಕೊಂಡ್ರೆ, ಫುಲ್ ಲೋಡಿನಲ್ಲಿ ಅದರ ಮೇಲೆ ಬೀಳೋದು ಸುಮಾರು 1.3 ಟನ್. ಎಂ8 4.6 ಬೋಲ್ಟು ಸುಮಾರು 1.2 ಟನ್ನಿಗೇ ಕತ್ತರಿಸಿ ಹೋಗುತ್ತೆ, ಕಲ್ಲು ಸಿಗದಿದ್ರೂ ಮುರೀತಾನೇ ಇರುತ್ತೆ. ಎಂ8 8.8 ಸುಮಾರು ಎರಡೂವರೆ ಟನ್ ತಡೆಯುತ್ತೆ, ದಿನದ ಕೆಲಸಕ್ಕೂ ಸಾಕು, ಕಲ್ಲು ಸಿಕ್ಕಾಗ ಮುರಿಯೋಕೂ ಸಾಕು. ಅದೇ ತೂತಕ್ಕೆ 12.9ರ ಅಲೆನ್ ಬೋಲ್ಟ್ ಹಾಕಿದ್ರೆ 3.7 ಟನ್. ತೂತ ದೊಡ್ಡದು ಮಾಡಿ ಎಂ10 8.8 ಹಾಕಿದ್ರೂ 3.8 ಟನ್. 2 ಮಿ.ಮೀ. ತಾನೇ ಅನ್ಸುತ್ತೆ, ಆದ್ರೆ ಬಲ ಒಂದೂವರೆ ಪಟ್ಟಿಗೂ ಜಾಸ್ತಿ ಆಯ್ತು. ಅಷ್ಟು ಹೊಡೆತ ತಿನ್ನೋದು ಕ್ರಾಸು, ಪಿನಿಯನ್ನು, ಕೊನೆಗೆ ಟ್ರ್ಯಾಕ್ಟರಿನ ಪಿಟಿಒ ಶಾಫ್ಟು.

ನಿಮ್ಮ ಮಿಷಿನ್ನಿನ ಅಳತೆ ಬೇರೆ ಇರುತ್ತೆ. ಬೋಲ್ಟು ನಡುವಿನಿಂದ ದೂರ ಹೋದಷ್ಟೂ ತೆಳು ಬೋಲ್ಟು ಸಾಕು. ಶಾಫ್ಟಿಗೆ ಅಡ್ಡಲಾಗಿ ತೂರಿಸಿದ್ರೆ ಎರಡು ಕಡೆ ಕತ್ತರಿಸಬೇಕು, ಬಲ ಎರಡರಷ್ಟು. ಅದಕ್ಕೇ ಪಕ್ಕದ ಮನೆಯವರ ರೋಟವೇಟರಿನ ಬೋಲ್ಟ್ ನೋಡಿ ತರಬೇಡಿ, ಮ್ಯಾನುಯಲ್‌ನಲ್ಲಿ ಬರೆದಿರೋ ದಪ್ಪ, ಗ್ರೇಡ್, ಉದ್ದ ಮೂರನ್ನೂ ನೋಡಿ ತನ್ನಿ.

ಉದ್ದದ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಬೋಲ್ಟು ಕೂಡಿಸೋ ಎರಡು ತಟ್ಟೆ ಸೇರೋ ಗೆರೆಯಲ್ಲಿ ಬೋಲ್ಟಿನ ನುಣುಪು ಭಾಗ ಇರಬೇಕು. ಅಲ್ಲಿ ಥ್ರೆಡ್ ಬಂದ್ರೆ ಎಂ8ರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬಲ ಹೋಯ್ತು, ಅದೂ ಅಲ್ಲದೆ ಥ್ರೆಡ್ಡಿನ ಸಂದಿಯಿಂದಲೇ ಬಿರುಕು ಶುರುವಾಗುತ್ತೆ. ಮ್ಯಾನುಯಲ್‌ನಲ್ಲೇ ಫುಲ್ ಥ್ರೆಡ್ ಅಂತಿದ್ರೆ ಮಾತ್ರ ಅದನ್ನೇ ಹಾಕಿ. ನಟ್ಟಿನ ಆಚೆ ಎರಡು ಮೂರು ಥ್ರೆಡ್ ಕಂಡ್ರೆ ಸಾಕು. ಒಂದಿಂಚು ಬಾಲ ಬಿಟ್ಕೊಂಡು ಓಡಿಸೋರು ಗಮನಿಸಿ: 540 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 9 ಸುತ್ತು. ಪಂಚೆಯ ಅಂಚೋ ಟವೆಲ್ಲೋ ಆ ಬಾಲಕ್ಕೆ ಸಿಕ್ಕಿದ್ರೆ ಬಿಡಿಸ್ಕೊಳ್ಳೋಕೆ ಟೈಮೇ ಇರಲ್ಲ. ಶಾಫ್ಟಿನ ಪ್ಲಾಸ್ಟಿಕ್ ಕವರನ್ನ ಕಿತ್ತು ಶೆಡ್ಡಿನ ಮೂಲೆಗೆ ಎಸೆದಿದ್ರೆ ಇನ್ನೂ ಅಪಾಯ.

ಸ್ಟೇನ್‌ಲೆಸ್ ಬೋಲ್ಟ್ ತುಕ್ಕು ಹಿಡಿಯಲ್ಲ ಅಂತ ಹಾಕೋರೂ ಇದ್ದಾರೆ. ಅದು ಥಟ್ಟನೆ ತುಂಡಾಗೋ ಬದಲು ಹಿಗ್ಗಿ, ಬಾಗಿ, ತೂತದೊಳಗೆ ಕಚ್ಕೊಂಡು ಕೂರುತ್ತೆ. ರಾಡ್ ತುಂಡು ತೂರಿಸಿ ವೆಲ್ಡಿಂಗ್ ಹೊಡೆಸೋರಿಗಂತೂ ಕೈ ಮುಗೀಬೇಕು.

ಸರಿಯಾದ ಬೋಲ್ಟೇ ಹಾಕಿದ್ದೂ ಮುರೀತಿದೆ ಅಂದ್ರೆ ತುಂಡನ್ನ ಎಸೀಬೇಡಿ, ಒರೆಸಿ ಬೆಳಕಿಗೆ ಹಿಡಿದು ನೋಡಿ. ಮುರಿದ ಮುಖ ಚಪ್ಪಟೆಯಾಗಿ, ಒಂದೇ ದಿಕ್ಕಿಗೆ ಸವರಿದ ಹಾಗಿದ್ರೆ ಒಂದೇ ಏಟಿನ ಲೋಡು: ಕಲ್ಲು, ಬೇರು, ತಂತಿ, ಇಲ್ಲಾ ಆಕ್ಸಿಲರೇಟರ್ ಏರಿಸಿಟ್ಟು ಪಿಟಿಒ ಹಾಕಿದ್ದು. ಕಡಿಮೆ ಆರ್‌ಪಿಎಂನಲ್ಲಿ ಪಿಟಿಒ ಹಾಕಿ, ಆಮೇಲೆ ನಿಧಾನಕ್ಕೆ ಏರಿಸಿದ್ರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತೆ. ಮುಖದ ಮೇಲೆ ಅಂಚಿನಿಂದ ಒಳಕ್ಕೆ ಕಮಾನಿನಂಥ ಗೆರೆಗಳಿದ್ರೆ ಅದು ದಿನಾ ಸ್ವಲ್ಪ ಸ್ವಲ್ಪ ಬಿರಿದು ಮುರಿದದ್ದು. ಬೋಲ್ಟ್ ಸಡಿಲ ಇತ್ತು, ಇಲ್ಲಾ ತೂತ ಮೊಟ್ಟೆ ಆಕಾರಕ್ಕೆ ಹಿಗ್ಗಿದೆ. ಹಿಗ್ಗಿದ ತೂತದಲ್ಲಿ ಯಾವ ಗ್ರೇಡೂ ನಿಲ್ಲಲ್ಲ, ಬುಷ್ ಇದ್ರೆ ಬದಲಾಯಿಸಿ, ಇಲ್ಲದಿದ್ರೆ ತುಂಬಿಸಿ ಮತ್ತೆ ಸರಿಯಾದ ಅಳತೆಗೆ ಕೊರೆಸಿ. ತುಂಡು ಮಧ್ಯದಲ್ಲಿ ಸಣ್ಣಗೆ ಎಳೆದ ಹಾಗಿದ್ರೆ ನಟ್ಟು ಅತಿಯಾಗಿ ಬಿಗಿದಿದ್ದೀರಿ. ನೈಲಾಕ್ ನಟ್ಟು (ಒಳಗೆ ನೈಲಾನ್ ಉಂಗುರ ಇರೋದು, ಸುಲಭಕ್ಕೆ ಸಡಿಲ ಆಗಲ್ಲ) ಹಾಕಿ, ಅಲುಗದಷ್ಟು ಬಿಗಿದ್ರೆ ಸಾಕು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿದ್ರೆ ತಟ್ಟೆ ತಟ್ಟೆ ಒತ್ಕೊಂಡು, ಆ ಘರ್ಷಣೆಯೂ ಬಲಕ್ಕೆ ಸೇರಿ ಲೆಕ್ಕವೇ ತಪ್ಪುತ್ತೆ.

ಬೋಲ್ಟ್ ಮುರಿದ ಮೇಲೆ ಎರಡು ತಟ್ಟೆ ಒಂದರ ಮೇಲೊಂದು ಸಲೀಸಾಗಿ ತಿರುಗಬೇಕು. ಗ್ರೀಸ್ ಕಾಣದೆ ತುಕ್ಕು ಹಿಡಿದು ಅಂಟ್ಕೊಂಡಿದ್ರೆ ಬೋಲ್ಟ್ ಮುರಿದರೂ ಶಾಫ್ಟು ತಿರುಗ್ತಾನೇ ಇರುತ್ತೆ, ಗೇರ್‌ಬಾಕ್ಸ್ ಉಳಿಯಲ್ಲ. ಸೀಸನ್ ಶುರುವಾಗೋ ಮುಂಚೆ ಬೋಲ್ಟ್ ತೆಗೆದು ಕೈಯಲ್ಲಿ ತಿರುಗಿಸಿ ನೋಡಿ, ನಿಪ್ಪಲ್ ಇದ್ರೆ ಗ್ರೀಸ್ ಹೊಡೀರಿ.

ಹುಲ್ಲು ಕಟ್ಟೋ ಚೌಕದ ಬೇಲರ್ ಇಟ್ಕೊಂಡಿರೋರು ಇನ್ನೂ ಹುಷಾರಾಗಿರಬೇಕು. ದಾರ ಒಯ್ಯೋ ಸೂಜಿಗಳು ಚೇಂಬರಿನೊಳಗೇ ಸಿಕ್ಕಿಕೊಂಡ್ರೆ ಒಂದು ಸ್ಟಾಪ್ ಎದ್ದು, ಹುಲ್ಲು ಒತ್ತೋ ಪ್ಲಂಜರನ್ನ ತಡೆಯುತ್ತೆ. ಆ ಕ್ಷಣಕ್ಕೆ ಫ್ಲೈವೀಲಿನ ಬೋಲ್ಟು ಮುರಿಯಲೇಬೇಕು. ಅಲ್ಲಿ ಗಟ್ಟಿ ಬೋಲ್ಟ್ ಇದ್ರೆ ಸ್ಟಾಪೇ ಮುರಿದು ಪ್ಲಂಜರ್ ಸೂಜಿಗೆ ಹೊಡೆಯುತ್ತೆ. ಶಿಯರ್ ಬೋಲ್ಟ್ ಇರೋ ನೇಗಿಲಲ್ಲೂ ಇಂಥದ್ದೇ ಎಡವಟ್ಟು: ಕಾಲಿಗೆ ಎರಡು ಬೋಲ್ಟ್, ಒಂದು ಕೀಲಿನದು, ಒಂದು ಮುರಿಯೋದು. ಎರಡೂ ಒಂದೇ ದಪ್ಪ ಇದ್ದಾಗ ಅದಲು ಬದಲಾಗುತ್ತೆ. ಕೀಲಿನದು ಯಾವತ್ತೂ ಗಟ್ಟಿ ಗ್ರೇಡೇ ಇರಬೇಕು.

ಬದಲಾಯಿಸುವಾಗ ಪಿಟಿಒ ಬಿಡಿಸಿ, ಮಿಷಿನ್ ನೆಲಕ್ಕೆ ಇಳಿಸಿ, ಇಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕ್ಕೊಳ್ಳಿ. ತೂತ ಎದುರುಬದುರು ಮಾಡಿ ಹಳೇ ತುಂಡನ್ನ ಪಂಚಿನಿಂದ ತಟ್ಟಿ ತೆಗೀರಿ, ಎಂ8ಕ್ಕೆ 7 ಮಿ.ಮೀ. ಪಂಚು ಸರಿ. ಅಂಚಿನಲ್ಲಿ ಎದ್ದ ಲೋಹವನ್ನ ಅರದಿಂದ ಉಜ್ಜಿ. ಹೊಸದು ಕೈಯಲ್ಲೇ ತಳ್ಳಿದ್ರೆ ಒಳಗೆ ಹೋಗಬೇಕು. ಸುತ್ತಿಗೆ ಬೇಕಾಯ್ತು ಅಂದ್ರೆ ತೂತ ಇನ್ನೂ ಸರಿಯಾಗಿಲ್ಲ. ಟೂಲ್ ಬಾಕ್ಸಿನಲ್ಲಿ ಒಂದೊಂದು ಮಿಷಿನ್ನಿಗೆ ಒಂದೊಂದು ಡಬ್ಬಿ, ಒಳಗೆ ಹತ್ತು ಬೋಲ್ಟು, ಹತ್ತು ನೈಲಾಕ್. ಡಬ್ಬಿ ಮೇಲೆ ಮಿಷಿನ್ ಹೆಸರು, ದಪ್ಪ, ಉದ್ದ, ಗ್ರೇಡ್ ಬರೆದಿಡಿ. ಡ್ರೈವರ್ ಬದಲಾದ್ರೂ ಅವನು ಅಂಗಡಿಗೆ ಹೋಗಿ "ಗಟ್ಟೀದು ಕೊಡಿ" ಅನ್ನಬಾರದು.