ಸ್ಟ್ರಾಸ್‌ಬರ್ಗ್ ಕೈಗೆ ರಜೆ ಕೊಟ್ಟಿದ್ದು ಸರಿಯಾ?

2012ರ ಸೆಪ್ಟೆಂಬರ್. ವಾಷಿಂಗ್ಟನ್ ನ್ಯಾಷನಲ್ಸ್ ಬೇಸ್‌ಬಾಲ್ ತಂಡ ತನ್ನ ವಿಭಾಗದಲ್ಲಿ ಎಲ್ಲರಿಗಿಂತ ಮುಂದಿತ್ತು. ಅಂಥ ಹೊತ್ತಿನಲ್ಲಿ ಜನರಲ್ ಮ್ಯಾನೇಜರ್ ಮೈಕ್ ರಿಝೊ ತಮ್ಮ ತಂಡದ ದೊಡ್ಡ ಪಿಚರ್ (ಬೇಸ್‌ಬಾಲ್‌ನ ಬೌಲರ್) ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರನ್ನು ಆ ಸೀಸನ್‌ಗೆ ಸಾಕು ಎಂದು ಕೂರಿಸಿದರು. ಹೊಸ ಗಾಯವೇನೂ ಇರಲಿಲ್ಲ. ಎರಡು ವರ್ಷದ ಹಿಂದೆ ಮೊಣಕೈ ಆಪರೇಷನ್ ಆಗಿತ್ತು, ಆ ಕೈ ಮತ್ತೆ ಕೆಡದಿರಲಿ ಅಂತ ಕೂರಿಸಿದ್ದು. ಸೀಸನ್ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ನಡೆಯುವ ಪ್ಲೇಆಫ್‌ನ (ಚಾಂಪಿಯನ್ ಯಾರೆಂದು ತೀರ್ಮಾನಿಸುವ ಹಂತ) ಮೊದಲ ಸರಣಿಯಲ್ಲೇ ತಂಡ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಸೋತಿತು. ಈ ವಾದ ಇವತ್ತಿಗೂ ಮುಗಿದಿಲ್ಲ. ವಾಷಿಂಗ್ಟನ್ ಸುತ್ತಮುತ್ತ ನೆಲೆಸಿರುವ ಇಬ್ಬರು ಕನ್ನಡಿಗರು ಇಲ್ಲಿ ಒಂದೊಂದು ಕಡೆ ನಿಂತಿದ್ದಾರೆ.

ಪರ: ಮೊದಲು ಕೈ ಉಳಿಯಬೇಕು

ಪರವಾಗಿ ಬರೆಯುತ್ತೀರಾ ಎಂದು ಕೇಳಿದಾಗ ಒಪ್ಪಿಕೊಂಡೆ. ಆ ವರ್ಷ ನ್ಯಾಷನಲ್ಸ್ ಮಾಡಿದ್ದೆಲ್ಲ ಸರಿ ಅನ್ನುವಷ್ಟು ಪರ ನಾನಲ್ಲ. ಆದರೆ ಆಪರೇಷನ್ ಆದ ಕೈಗೆ ಒಂದು ಮಿತಿ ಬೇಕು, ಅದನ್ನು ಮೊದಲೇ ಗೊತ್ತು ಮಾಡಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಗಂಟೆಗೆ 150 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಚೆಂಡು ಎಸೆದಾಗ ಮೊಣಕೈನ ಒಳಬದಿಯ ಒಂದು ಪುಟ್ಟ ಲಿಗಮೆಂಟ್ (ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಮೇಲೆ ವಿಪರೀತ ಎಳೆತ ಬೀಳುತ್ತದೆ. ಮೊದಲೆಲ್ಲ ಅದು ಹರಿದರೆ ಪಿಚರ್ ಮನೆಗೆ ಹೋಗಬೇಕಿತ್ತು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ ಹೊಸ ಬಗೆಯ ಆಪರೇಷನ್ ಮಾಡಿದರು. ಮುಂಗೈಯಿಂದಲೋ ಕಾಲಿನಿಂದಲೋ ಒಂದು ಸ್ನಾಯುರಜ್ಜು ತೆಗೆಯುತ್ತಾರೆ. ಮೊಣಕೈನ ಮೂಳೆಗಳಲ್ಲಿ ತೂತು ಕೊರೆಯುತ್ತಾರೆ. ಅದರೊಳಗೆ ಆ ರಜ್ಜು ಪೋಣಿಸಿ ಬಿಗಿಯುತ್ತಾರೆ. ಅದು ಹೊಸ ಜಾಗಕ್ಕೆ ಒಗ್ಗಿಕೊಂಡು ಲಿಗಮೆಂಟ್ ಕೆಲಸ ಕಲಿಯಲು ವರ್ಷಕ್ಕೂ ಜಾಸ್ತಿ ಬೇಕು.

ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಸ್ಟ್ರಾಸ್‌ಬರ್ಗ್ 2009ರ ಮೊದಲ ಆಯ್ಕೆ. 2010ರ ಜೂನ್ 8ರಂದು ಆಡಿದ ಮೊದಲ ಆಟದಲ್ಲೇ 14 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದವರು. ಆಗಸ್ಟ್‌ನಲ್ಲಿ ಕೈ ಕೈಕೊಟ್ಟಿತು. ಸೆಪ್ಟೆಂಬರ್ 3ರಂದು ಆಪರೇಷನ್. ಆಗ ವಯಸ್ಸು 22. ಮುಂದಿನ ವರ್ಷ ಕೊನೆಯಲ್ಲಿ ಒಂದಷ್ಟು ಆಟ ಬಿಟ್ಟರೆ ಏನೂ ಎಸೆದಿರಲಿಲ್ಲ. ಅಲ್ಲಿಂದ 2012ರಲ್ಲಿ ಒಂದೇ ಸಲಕ್ಕೆ 159 ಇನ್ನಿಂಗ್ಸ್ ದಾಟಿದರು. ಇದು ಕ್ರಿಕೆಟ್ ಇನ್ನಿಂಗ್ಸ್ ಅಲ್ಲ: ಎದುರಾಳಿಯ ಮೂವರು ಔಟ್ ಆದರೆ ಪಿಚರ್‌ಗೆ ಒಂದು ಇನ್ನಿಂಗ್, ಒಂದು ಆಟಕ್ಕೆ ಸಾಮಾನ್ಯವಾಗಿ ಒಂಬತ್ತು. ಸೆಪ್ಟೆಂಬರ್ 7ರ ಕೊನೆಯ ಆಟದಲ್ಲಿ ಮೂರೇ ಇನ್ನಿಂಗ್ಸ್‌ನಲ್ಲಿ ಐದು ರನ್ ಬಿಟ್ಟುಕೊಟ್ಟರು. ಇನ್ನೂ ಎಷ್ಟು ಎಸೆಸಬೇಕಿತ್ತು?

ಮಿತಿ ಹಾಕುತ್ತೇವೆ ಎಂದು ರಿಝೊ ಸೀಸನ್‌ಗೆ ಮುಂಚೆಯೇ ಹೇಳಿದ್ದರು. ಇದೇ ತಂಡದ ಜೋರ್ಡನ್ ಝಿಮ್ಮರ್‌ಮನ್‌ಗೂ ಇದೇ ಆಪರೇಷನ್ ಆಗಿತ್ತು. 2011ರಲ್ಲಿ ಅವರನ್ನೂ 161 ಇನ್ನಿಂಗ್ಸ್ ಆದ ಮೇಲೆ ನಿಲ್ಲಿಸಿದ್ದರು. ಮರುವರ್ಷ ಅವರು 195 ಇನ್ನಿಂಗ್ಸ್ ಎಸೆದರು, ಚೆನ್ನಾಗಿಯೇ ಎಸೆದರು. ಒಬ್ಬನಿಗೆ ಹಾಕಿದ ನಿಯಮವನ್ನು ಇನ್ನೊಬ್ಬ ಸ್ಟಾರ್ ಅಂತ ಮುರಿಯಬೇಕಿತ್ತಾ?

ಮುರಿದವರ ಕಥೆಯೂ ಇದೆ. ನ್ಯೂಯಾರ್ಕ್ ಮೆಟ್ಸ್ ತಂಡದ ಮ್ಯಾಟ್ ಹಾರ್ವಿ ಇದೇ ಆಪರೇಷನ್ ಮಾಡಿಸಿಕೊಂಡು 2015ರಲ್ಲಿ ಮರಳಿದರು. 180 ಇನ್ನಿಂಗ್ಸ್ ಸಾಕು ಎಂದು ಅವರ ಏಜೆಂಟ್ ಸ್ಕಾಟ್ ಬೊರಾಸ್ ಹೇಳಿದ್ದರು. ಊರೆಲ್ಲ ಬೈದರು. ಹಾರ್ವಿ ಪ್ಲೇಆಫ್ ಸೇರಿ 216 ಎಸೆದರು. ಮರುವರ್ಷ ಭುಜದ ಬಳಿಯ ನರದ ತೊಂದರೆಗೆ ಮತ್ತೆ ಆಪರೇಷನ್. ಹಳೆಯ ಹಾರ್ವಿ ಮತ್ತೆ ಬರಲೇ ಇಲ್ಲ. ನಮ್ಮ ಜಾವಗಲ್ ಶ್ರೀನಾಥ್ ನೆನಪಾಗುತ್ತಾರೆ. ಜೀವವಿಲ್ಲದ ಪಿಚ್‌ಗಳಲ್ಲಿ ವರ್ಷಗಟ್ಟಲೆ ಭಾರ ಹೊತ್ತು, 1997ರಲ್ಲಿ ಭುಜ ಕೆಟ್ಟು ಮನೆಯಲ್ಲಿ ಕೂರಬೇಕಾಯಿತು. ಆಗ ಬೌಲರ್‌ನ ಓವರ್‌ಗಳಿಗೆ ಲೆಕ್ಕ ಇಡುವವರೇ ಇರಲಿಲ್ಲ.

ತಡವಾಗಿ ಆಟ ಶುರು ಮಾಡಿಸಿ ಅಕ್ಟೋಬರ್‌ಗೆ ಉಳಿಸಿಕೊಳ್ಳಬಹುದಿತ್ತು ಅನ್ನುತ್ತಾರೆ. ಆಟ ಮುಗಿದ ಮೇಲೆ ಇಂಥ ಲೆಕ್ಕ ಎಲ್ಲರೂ ಹಾಕಬಹುದು. ಅಲ್ಲದೆ ಆ ಸರಣಿಯ ಕೊನೆಯ ಆಟದಲ್ಲಿ ನ್ಯಾಷನಲ್ಸ್ ಆರು ರನ್ ಮುಂದಿತ್ತು. ಆ ಮುನ್ನಡೆ ಕಳೆದುಕೊಂಡದ್ದಕ್ಕೆ ಸ್ಟ್ರಾಸ್‌ಬರ್ಗ್ ಇರಲಿಲ್ಲ ಅನ್ನುವುದು ಕಾರಣವಲ್ಲ.

2019 ನೋಡಿ. ಆ ಪ್ಲೇಆಫ್‌ನಲ್ಲಿ ಸ್ಟ್ರಾಸ್‌ಬರ್ಗ್ ಐದು ಗೆಲುವು ಪಡೆದರು, ಒಂದೂ ಸೋಲಿಲ್ಲ (ಬೇಸ್‌ಬಾಲ್‌ನಲ್ಲಿ ತಂಡದ ಗೆಲುವು, ಸೋಲನ್ನು ಒಬ್ಬ ಪಿಚರ್ ಹೆಸರಿಗೂ ಬರೆಯುತ್ತಾರೆ). ಕೊನೆಯ ಸರಣಿಯಾದ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರದೇ. ನ್ಯಾಷನಲ್ಸ್ ಮೊದಲ ಬಾರಿ ಚಾಂಪಿಯನ್ ಆಯಿತು. 2012ರಲ್ಲಿ ಕೈ ಉಳಿಸಿದ್ದಕ್ಕೇ 2019 ಬಂತು ಎಂದು ಆಣೆ ಮಾಡಿ ಹೇಳಲಾರೆ. ಕೈ ಹೋಗಿದ್ದರೆ 2019 ಬರುತ್ತಿರಲಿಲ್ಲ ಎಂದು ಮಾತ್ರ ಹೇಳಬಲ್ಲೆ.

ವಿರೋಧ: ಅಕ್ಟೋಬರ್‌ಗೆ ಬೇಡವಾದ ಕೈ ಇನ್ಯಾವಾಗ ಬೇಕು?

ಈ ಊರಿನ ಬೇಸ್‌ಬಾಲ್ ಇತಿಹಾಸ ಗೊತ್ತಿಲ್ಲದೆ ಈ ವಿಷಯ ಮಾತಾಡಿದರೆ ಏನೂ ಅರ್ಥವಾಗುವುದಿಲ್ಲ. 2012ಕ್ಕೆ ಮುಂಚೆ ವಾಷಿಂಗ್ಟನ್‌ನಲ್ಲಿ ಕೊನೆಯ ಸಲ ಪ್ಲೇಆಫ್ ಆಟ ನಡೆದದ್ದು 1933ರಲ್ಲಿ. ಆಮೇಲೆ ತಂಡವೇ ಊರು ಬಿಟ್ಟಿತು. 1972ರಿಂದ 2004ರವರೆಗೆ ಅಮೆರಿಕದ ರಾಜಧಾನಿಗೆ ಒಂದು ಬೇಸ್‌ಬಾಲ್ ತಂಡ ಇರಲಿಲ್ಲ. 2005ರಲ್ಲಿ ಮಾಂಟ್ರಿಯಲ್‌ನಿಂದ ತಂಡ ಬಂತು. 2008ರಲ್ಲಿ 102 ಸೋಲು, 2009ರಲ್ಲಿ 103 ಸೋಲು. ಆ ಸೋಲುಗಳನ್ನೆಲ್ಲ ನಾವು ಕೂತು ನೋಡಿದವರು. ಕೊನೆಗೆ 2012ರಲ್ಲಿ 98 ಗೆಲುವು. ಇಡೀ ಬೇಸ್‌ಬಾಲ್‌ನಲ್ಲಿ ಅಷ್ಟು ಗೆದ್ದವರು ಬೇರೆ ಯಾರೂ ಇಲ್ಲ. 19 ವರ್ಷದ ಬ್ರೈಸ್ ಹಾರ್ಪರ್ ಇದ್ದ. ಪಿಚರ್ ಜಿಯೊ ಗೊನ್ಸಾಲೆಝ್ 21 ಆಟ ಗೆದ್ದಿದ್ದ. ಸ್ಟ್ರಾಸ್‌ಬರ್ಗ್ 15 ಗೆದ್ದು, 197 ಸ್ಟ್ರೈಕ್‌ಔಟ್ ಮಾಡಿದ್ದ. ಅಂಥವನನ್ನು ಪ್ಲೇಆಫ್ ಪಟ್ಟಿಯಲ್ಲೇ ಸೇರಿಸಲಿಲ್ಲ.

ಅಕ್ಟೋಬರ್ 12ರ ರಾತ್ರಿ ನ್ಯಾಷನಲ್ಸ್ ಪಾರ್ಕ್‌ನಲ್ಲಿ ನಾನಿದ್ದೆ. ಸರಣಿ 2-2 ಆಗಿತ್ತು. ಗೆದ್ದರೆ ಮುಂದೆ, ಸೋತರೆ ಮನೆಗೆ. ಅಪ್ಪ ಶಿವಮೊಗ್ಗದಿಂದ ಬಂದಿದ್ದರು, ಅವರನ್ನೂ ಕರೆದುಕೊಂಡು ಹೋಗಿದ್ದೆ. ಬೇಸ್‌ಬಾಲ್ ಅವರಿಗೆ ಹೊಸದು, ಕ್ರಿಕೆಟ್ ಜೀವ. ಸ್ಟೇಡಿಯಂ ತುಂಬ ಕೆಂಪು ಬಣ್ಣ, ಎಲ್ಲರ ಕೈಯಲ್ಲೂ ಕೆಂಪು ಟವೆಲ್. ಪಕ್ಕದ ಸೀಟಿನವರು ಅಪ್ಪನಿಗೂ ಒಂದು ಕೊಟ್ಟರು. ಮೊದಲ ಇನ್ನಿಂಗ್‌ನಲ್ಲೇ ಮೂರು ರನ್ ಬಂತು. ಮೂರನೆಯದರಲ್ಲಿ ಹಾರ್ಪರ್ ಒಂದು ಹೋಮ್ ರನ್, ಮೈಕಲ್ ಮೋರ್ಸ್ ಇನ್ನೊಂದು. 6-0. ಅಪ್ಪ ಎದ್ದು ನಿಂತು ಟವೆಲ್ ಬೀಸುತ್ತಿದ್ದರು.

ಆಮೇಲೆ ನಿಧಾನಕ್ಕೆ ಆಟ ಕೈ ಜಾರತೊಡಗಿತು. ಗೊನ್ಸಾಲೆಝ್ ಕೈಗೆ ಚೆಂಡು ಹತೋಟಿಗೆ ಸಿಗುತ್ತಿಲ್ಲ. ವಾಕ್ ಮೇಲೆ ವಾಕ್, ಅಂದರೆ ನಾಲ್ಕು ಎಸೆತ ಗುರಿ ತಪ್ಪಿ ಬ್ಯಾಟರ್‌ಗೆ ಹೊಡೆಯದೆಯೇ ಮೊದಲ ಬೇಸ್. ಐದು ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ 6-3. ಆಗ ಅಪ್ಪ ಕೇಳಿದರು, "ನೀನು ಯಾವಾಗಲೂ ಹೇಳ್ತಿದ್ದೆಯಲ್ಲ, ಆ ದೊಡ್ಡ ಬೌಲರ್ ಎಲ್ಲಿ?" ಆಡುತ್ತಿಲ್ಲ ಅಂದೆ. "ಗಾಯವಾ?" ಇಲ್ಲ. "ಜಗಳವಾ?" ಅದೂ ಇಲ್ಲ. ಈ ವರ್ಷಕ್ಕೆ ಅವನ ಇನ್ನಿಂಗ್ಸ್ ಮುಗಿದಿವೆ ಅಂತ ವಿವರಿಸಿದೆ. ಅಪ್ಪ ನನ್ನ ಮುಖ ನೋಡಿದರು. "ಕುಂಬ್ಳೆ ದವಡೆ ಮುರಿದುಕೊಂಡು, ಬ್ಯಾಂಡೇಜ್ ಸುತ್ತಿಕೊಂಡು ಆಂಟಿಗಾದಲ್ಲಿ ಲಾರಾನ ವಿಕೆಟ್ ತೆಗೆದ. ಇವನಿಗೆ ಏನೂ ಆಗಿಲ್ಲ, ಮನೆಯಲ್ಲಿ ಕೂರಿಸಿದ್ದಾರಾ?" ದವಡೆ ಬೇರೆ, ಮೊಣಕೈ ಬೇರೆ, ನನಗೂ ಗೊತ್ತು. ಆದರೂ ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಒಂಬತ್ತನೇ ಇನ್ನಿಂಗ್‌ಗೆ 7-5. ನಮ್ಮ ಡ್ರೂ ಸ್ಟೋರೆನ್ ಎಸೆಯಲು ಬಂದ. ಇಬ್ಬರು ಔಟ್. ಇನ್ನೊಂದೇ ಒಂದು ಸ್ಟ್ರೈಕ್ ಸಾಕು ಅನ್ನುವ ಹಂತಕ್ಕೆ ಮತ್ತೆ ಮತ್ತೆ ಬಂದ. ಕಾರ್ಡಿನಲ್ಸ್‌ನ ಯಾಡಿಯರ್ ಮೊಲಿನಾಗೆ ವಾಕ್. ಡೇವಿಡ್ ಫ್ರೀಸ್‌ಗೆ ವಾಕ್. ಡೆಸ್ಕಾಲ್ಸೊ ಹೊಡೆದು ಸಮ ಮಾಡಿದ. ಕೋಝ್ಮಾ ಹೊಡೆದು 9-7 ಮಾಡಿದ. ನಲವತ್ತೈದು ಸಾವಿರ ಜನ ನಿಂತಲ್ಲೇ ನಿಂತರು. ಅಪ್ಪನಿಗೆ ನಿಯಮ ಪೂರ್ತಿ ಗೊತ್ತಿಲ್ಲದಿದ್ದರೂ ಏನಾಯಿತು ಅನ್ನುವುದು ಯಾರೂ ಹೇಳಬೇಕಾಗಿರಲಿಲ್ಲ.

ಈಗ ಪರ ಪಕ್ಷದವರು ಹೇಳುತ್ತಾರೆ, ಸೋಲಿಸಿದ್ದು ಸ್ಟೋರೆನ್, ಸ್ಟ್ರಾಸ್‌ಬರ್ಗ್ ಇಲ್ಲದಿರುವುದಲ್ಲ ಅಂತ. ಆ ಐದನೇ ಆಟ ನಡೆಯಬೇಕಾಗಿ ಬಂದದ್ದಾದರೂ ಯಾಕೆ? ಎರಡನೇ ಆಟದಲ್ಲಿ 12-4 ಸೋಲು. ಮೂರನೆಯದರಲ್ಲಿ 8-0. ಎರಡೇ ಆಟದಲ್ಲಿ ನಮ್ಮ ಪಿಚರ್‌ಗಳು ಬಿಟ್ಟುಕೊಟ್ಟದ್ದು 20 ರನ್. ಅದರಲ್ಲಿ ಒಂದು ಆಟ ಸ್ಟ್ರಾಸ್‌ಬರ್ಗ್‌ನದಾಗಬೇಕಿತ್ತು. ಒಬ್ಬ ದೊಡ್ಡ ಪಿಚರ್ ಇಲ್ಲದಿದ್ದರೆ ಎಲ್ಲರೂ ಒಂದೊಂದು ಮೆಟ್ಟಿಲು ಮೇಲಿನ ಕೆಲಸ ಮಾಡಬೇಕಾಗುತ್ತದೆ. ಆ ಸೋಲಿನ ಹೊರೆಯನ್ನು ಸ್ಟೋರೆನ್ ಒಬ್ಬನೇ ಹೊತ್ತ. ಮರುವರ್ಷ ಅವನನ್ನು ಕೆಳಗಿನ ಲೀಗ್‌ಗೂ ಕಳಿಸಿದರು. ಇದು ನ್ಯಾಯವೇ ಅಲ್ಲ.

ನಮ್ಮನ್ನು ಸೋಲಿಸಿದ ತಂಡದಲ್ಲಿ ಯಾರಿದ್ದರು ಗೊತ್ತಾ? ಆ್ಯಡಮ್ ವೈನ್‌ರೈಟ್. ಅವನಿಗೆ 2011ರಲ್ಲಿ ಇದೇ ಟಾಮಿ ಜಾನ್ ಆಪರೇಷನ್ ಆಗಿತ್ತು. ಸ್ಟ್ರಾಸ್‌ಬರ್ಗ್‌ಗಿಂತ ತಡವಾಗಿ! 2012ರಲ್ಲಿ ಅವನು 198 ಇನ್ನಿಂಗ್ಸ್ ಎಸೆದ. ನಮ್ಮ ಮೇಲೆ ಮೊದಲ ಆಟದಲ್ಲಿ ಹತ್ತು ಸ್ಟ್ರೈಕ್‌ಔಟ್ ಮಾಡಿದ. ಐದನೇ ಆಟಕ್ಕೂ ಇಳಿದ. ಅವನ ಕೈ ಬಿದ್ದುಹೋಯಿತಾ? 2013ರಲ್ಲಿ 241 ಇನ್ನಿಂಗ್ಸ್ ಎಸೆದು 19 ಆಟ ಗೆದ್ದ. ವಯಸ್ಸು, ದೇಹ ಬೇರೆ ಬೇರೆ ಅನ್ನುತ್ತಾರೆ. ಹೌದು, ಅದನ್ನೇ ನಾನೂ ಹೇಳುತ್ತಿರುವುದು. ಕೈ ನೋಡಿ ತೀರ್ಮಾನ ಮಾಡಬೇಕು, ಕ್ಯಾಲ್ಕುಲೇಟರ್ ನೋಡಿ ಅಲ್ಲ.

ಮಿತಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. 160 ಇನ್ನಿಂಗ್ಸ್ ಅಂದರೆ 160 ಇರಲಿ. ಆದರೆ ಅವನ್ನು ಏಪ್ರಿಲ್, ಮೇ ತಿಂಗಳಲ್ಲೇ ಯಾಕೆ ಖರ್ಚು ಮಾಡಬೇಕು? ಅಟ್ಲಾಂಟಾ ಬ್ರೇವ್ಸ್ ಏನು ಮಾಡಿತು ನೋಡಿ. ಅವರ ಕ್ರಿಸ್ ಮೆಡ್ಲನ್‌ಗೂ 2010ರಲ್ಲಿ ಇದೇ ಆಪರೇಷನ್. 2012ರಲ್ಲಿ ಜುಲೈ ಕೊನೆಯವರೆಗೆ ಅವನನ್ನು ಬುಲ್‌ಪೆನ್‌ನಲ್ಲಿ (ಆಟದ ಮಧ್ಯೆ ಇಳಿಯುವ ಪಿಚರ್‌ಗಳ ಗುಂಪಿನಲ್ಲಿ) ಇಟ್ಟರು, ಒಂದು-ಎರಡು ಇನ್ನಿಂಗ್ಸ್ ಎಸೆಸಿದರು. ಆಮೇಲೆ ಸ್ಟಾರ್ಟರ್, ಅಂದರೆ ಆಟ ಶುರು ಮಾಡುವ ಪಿಚರ್, ಮಾಡಿದರು. 10 ಗೆಲುವು, 1 ಸೋಲು. ಪ್ಲೇಆಫ್ ಆಟಕ್ಕೂ ಅವನೇ ಇಳಿದ. ಇದೇ ವರ್ಷ, ಇದೇ ವಿಭಾಗ, ಪಕ್ಕದ ತಂಡ. "ಮುಗಿದ ಮೇಲೆ ಹಾಕುವ ಲೆಕ್ಕ" ಅನ್ನುವವರು ಇದಕ್ಕೆ ಏನು ಹೇಳುತ್ತಾರೆ? ಬ್ರೇವ್ಸ್ ಮೊದಲೇ ಹಾಕಿದ್ದರಲ್ಲ! ನ್ಯಾಷನಲ್ಸ್ ಮಾಡಿದ್ದು, ಹಬ್ಬಕ್ಕೆಂದು ತಂದ ರೇಷ್ಮೆ ಸೀರೆಯನ್ನು ದಿನಾ ಉಟ್ಟು, ಹಬ್ಬದ ದಿನ ಹಾಳಾದೀತು ಅಂತ ಬೀರುವಿನಲ್ಲಿ ಇಟ್ಟ ಹಾಗೆ.

ಇನ್ನು 2019. ಈ ವಾದದಲ್ಲಿ ಯಾರೇ ಸಿಕ್ಕಿಹಾಕಿಕೊಂಡರೂ ತಟ್ಟನೆ 2019ರ ಟ್ರೋಫಿ ತೆಗೆದು ಮೇಜಿನ ಮೇಲಿಡುತ್ತಾರೆ. ಆ ಟ್ರೋಫಿ ನನಗೂ ಪ್ರೀತಿ. ಸ್ಟ್ರಾಸ್‌ಬರ್ಗ್ ವರ್ಲ್ಡ್ ಸೀರೀಸ್‌ನ ಆರನೇ ಆಟದಲ್ಲಿ ಹ್ಯೂಸ್ಟನ್‌ನಲ್ಲಿ ಎಸೆದದ್ದನ್ನು ಮರೆಯಲಾರೆ. ಆದರೆ ಏಳು ವರ್ಷ ಕಾಯಿರಿ, ಕಾದರೆ ಸಿಗುತ್ತದೆ ಅನ್ನುವುದು ಒಂದು ವಾದವಾ? ಅಷ್ಟರಲ್ಲಿ ಹಾರ್ಪರ್ ಫಿಲಡೆಲ್ಫಿಯಾಗೆ ಹೋಗಿದ್ದ. 2012ರ ತಂಡದಲ್ಲಿದ್ದ ಜೇಸನ್ ವೆರ್ತ್ ಆಟ ಬಿಟ್ಟಿದ್ದ. ಮ್ಯಾನೇಜರ್ ಡೇವಿ ಜಾನ್ಸನ್ 2013ಕ್ಕೇ ನಿವೃತ್ತರಾಗಿದ್ದರು. 2014, 2016, 2017 ಮೂರೂ ಸಲ ತಂಡ ಮೊದಲ ಸರಣಿಯಲ್ಲೇ ಸೋತಿತ್ತು. 2012ರ ತಂಡಕ್ಕೆ ತನ್ನದೇ ಆದ ಒಂದು ಅವಕಾಶ ಇತ್ತು. ಅದು ಅವರದು. ಇನ್ಯಾವುದೋ ವರ್ಷದ ಗೆಲುವಿಗೆ ಅದನ್ನು ಅಡ ಇಡುವ ಹಕ್ಕು ಯಾರಿಗೂ ಇರಲಿಲ್ಲ.

ಅಷ್ಟು ಜೋಪಾನ ಮಾಡಿದ ಕೈ ಉಳಿಯಿತಾ? 2016ರಲ್ಲಿ ಅದೇ ಮೊಣಕೈ ಭಾಗಕ್ಕೆ ಗಾಯವಾಗಿ ಪ್ಲೇಆಫ್ ತಪ್ಪಿತು. 2019ರ ಕೊನೆಯಲ್ಲಿ 24.5 ಕೋಟಿ ಡಾಲರ್‌ಗೆ ಏಳು ವರ್ಷದ ಒಪ್ಪಂದ ಆಯಿತು. ಆ ಒಪ್ಪಂದದಲ್ಲಿ ಅವನು ಎಸೆದದ್ದು ಬರೀ ಎಂಟು ಆಟ. ಹಾರ್ವಿಗೆ ಬಂದ ನರದ ತೊಂದರೆಯೇ ಇವನಿಗೂ ಬಂತು. ಆಪರೇಷನ್, ಮತ್ತೆ ನೋವು, 2024ರಲ್ಲಿ ನಿವೃತ್ತಿ. ಮಿತಿ ಮೀರಿದವನಿಗೂ ಅದೇ, ಮಿತಿಯೊಳಗೆ ಇದ್ದವನಿಗೂ ಅದೇ. ಪಿಚರ್‌ನ ಕೈಗೆ ಗ್ಯಾರಂಟಿ ಕಾರ್ಡ್ ಕೊಡುವವರು ಯಾರೂ ಇಲ್ಲ. ಹಾಗಿರುವಾಗ ಕೈ ಚೆನ್ನಾಗಿರುವ ಅಕ್ಟೋಬರ್‌ನಲ್ಲಿ ಅವನು ಎಸೆಯಬೇಕಿತ್ತು. ಕೂರಿಸಿದ್ದು ಅವನಿಗೂ ಇಷ್ಟವಿರಲಿಲ್ಲ, ಅದನ್ನು ಅವನು ಆಗಲೇ ಬಾಯಿಬಿಟ್ಟು ಹೇಳಿದ್ದ. ಅವನ ಮಾತು ಕೇಳದಿದ್ದರೂ ಪರವಾಗಿಲ್ಲ, ಏಪ್ರಿಲ್‌ನಲ್ಲಿ ಮೆಡ್ಲನ್ ಕಡೆಗಾದರೂ ಒಮ್ಮೆ ನೋಡಬಹುದಿತ್ತು.